ಪ್ರಾಚೀನ ರೋಮಿನಲ್ಲಿ ಪುಕ್ಕಟೆ ಧಾನ್ಯ: ಜನ ನಿಜಕ್ಕೂ ಸೋಮಾರಿಗಳಾದರೇ?

ಓದುಗ, ಧಾರವಾಡ — ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸರ್ಕಾರವು ಜನರಿಗೆ ಧಾನ್ಯವನ್ನೋ ಹಣವನ್ನೋ ನೀಡುವ ವಿಷಯ ಚರ್ಚೆಗೆ ಬಂದಾಗಲೆಲ್ಲ ಯಾರಾದರೊಬ್ಬರು ಪ್ರಾಚೀನ ರೋಮಿನ ಹೆಸರೆತ್ತುತ್ತಾರೆ. ಆಳುವವರು ಪುಕ್ಕಟೆ ರೊಟ್ಟಿ ಹಂಚಿದರು, ರಥಗಳ ಓಟವನ್ನೂ ಗ್ಲಾಡಿಯೇಟರ್ ಕಾಳಗವನ್ನೂ ತೋರಿಸಿದರು, ಜನ ದುಡಿಮೆ ಬಿಟ್ಟರು, ಕೊನೆಗೆ ಸಾಮ್ರಾಜ್ಯವೇ ಕುಸಿಯಿತು ಎಂಬುದು ಆ ವಾದದ ಸಾರ. ಜುವೆನಲ್ ಎಂಬ ಕವಿಯ "ರೊಟ್ಟಿ ಮತ್ತು ಸರ್ಕಸ್" ಎಂಬ ಮಾತನ್ನು ಅದಕ್ಕೆ ಸಾಕ್ಷಿಯಾಗಿ ಮುಂದಿಡುತ್ತಾರೆ.

ಇದನ್ನು ಎಷ್ಟೋ ಸಲ ಕೇಳಿದ್ದರೂ, ಆ ಧಾನ್ಯವನ್ನು ಯಾರಿಗೆ ಕೊಡುತ್ತಿದ್ದರು, ಎಷ್ಟು ಕೊಡುತ್ತಿದ್ದರು, ಅದರಿಂದ ಒಂದು ಸಂಸಾರ ನಡೆಯುತ್ತಿತ್ತೇ, ಅದರ ಖರ್ಚನ್ನು ಹೊರುತ್ತಿದ್ದವರು ಯಾರು ಎಂಬುದನ್ನು ಯಾರೂ ವಿವರಿಸಿದ್ದನ್ನು ನಾನು ಕೇಳಿಲ್ಲ. ತಿಳಿದವರು ದಯವಿಟ್ಟು ವಿಸ್ತಾರವಾಗಿ ಬರೆಯಬೇಕೆಂದು ಕೋರುತ್ತೇನೆ.

ಕಲ್ಲಚ್ಚು — ಉತ್ತರ

ನಮಸ್ಕಾರ. ತಮ್ಮ ಪ್ರಶ್ನೆಗೆ ಆರಂಭದಿಂದಲೇ ಉತ್ತರಿಸಬೇಕಾಗುತ್ತದೆ, ಏಕೆಂದರೆ ಈ ಪದ್ಧತಿ ಹುಟ್ಟಿದ್ದು ಪುಕ್ಕಟೆ ಕೊಡುಗೆಯಾಗಿ ಅಲ್ಲ.

ಕ್ರಿ.ಪೂ. 123ರಲ್ಲಿ ಗಾಯಸ್ ಗ್ರಾಕಸ್ ಎಂಬ ಟ್ರಿಬ್ಯೂನ್ (ಜನಸಾಮಾನ್ಯರ ಪ್ರತಿನಿಧಿಯಾಗಿ ಆರಿಸಿಬಂದ ಅಧಿಕಾರಿ) ಒಂದು ಕಾನೂನು ತಂದನು. ಅದರಂತೆ ರೋಮ್ ನಗರದ ಪ್ರತಿ ನಾಗರಿಕನೂ ತಿಂಗಳಿಗೊಮ್ಮೆ ಸರ್ಕಾರದಿಂದ ನಿಗದಿತ ಬೆಲೆಗೆ ಗೋದಿಯನ್ನು ಕೊಳ್ಳಬಹುದಾಗಿತ್ತು. ಒಂದು ಮೋಡಿಯಸ್‌ಗೆ 6⅓ ಆಸ್ (ರೋಮಿನ ಚಿಕ್ಕ ನಾಣ್ಯ) ಎಂಬುದು ಆ ಬೆಲೆ. ಮೋಡಿಯಸ್ ಎಂದರೆ ನಮ್ಮ ಕೊಳಗದಂತೆ ಧಾನ್ಯ ಅಳೆಯುವ ಪಾತ್ರೆ. ಅದರಲ್ಲಿ ಸುಮಾರು ಆರೂವರೆ ಕಿಲೋ ಗೋದಿ ಹಿಡಿಯುತ್ತದೆ. ಆ ಕಾನೂನು ಬಂದ ಸಂದರ್ಭವನ್ನು ಗಮನಿಸಬೇಕು. ಕ್ರಿ.ಪೂ. 135ರಿಂದ 132ರವರೆಗೆ ಸಿಸಿಲಿಯಲ್ಲಿ ಗುಲಾಮರ ದೊಡ್ಡ ದಂಗೆ ನಡೆದಿತ್ತು, ಕ್ರಿ.ಪೂ. 125ರಲ್ಲಿ ಉತ್ತರ ಆಫ್ರಿಕಾದ ಬೆಳೆಯನ್ನು ಮಿಡತೆಗಳು ತಿಂದುಹಾಕಿದ್ದವು. ರೋಮ್ ಧಾನ್ಯ ತರಿಸಿಕೊಳ್ಳುತ್ತಿದ್ದ ಎರಡು ಮುಖ್ಯ ನೆಲೆಗಳೂ ಹೀಗೆ ಹತ್ತು ವರ್ಷಗಳ ಅಂತರದಲ್ಲಿ ಪೆಟ್ಟು ತಿಂದಾಗ ಬೆಲೆಯು ವರ್ತಕರ ಮರ್ಜಿಗೆ ಬಿದ್ದಿತು. ಗ್ರಾಕಸನು ಬೆಲೆಯನ್ನು ಕಟ್ಟಿಹಾಕಿದ್ದಷ್ಟೇ ಅಲ್ಲ, ಸುಗ್ಗಿಯಲ್ಲಿ ಕೊಂಡು ಕೂಡಿಡಲು ಸರ್ಕಾರಿ ಕಣಜಗಳನ್ನೂ ಕಟ್ಟಿಸಿದನು. ಅಭಾವದ ಕಾಲಕ್ಕೆ ಮಾಡಿದ ಏರ್ಪಾಡು ಇದು. ಎರಡು ವರ್ಷಗಳ ನಂತರ, ಕ್ರಿ.ಪೂ. 121ರಲ್ಲಿ, ಅವನ ವಿರೋಧಿಗಳು ಗಣ್ಯರ ಆಡಳಿತ ಸಭೆಯಾದ ಸೆನೆಟ್ಟಿನ ನಿರ್ಣಯದ ಬಲದಿಂದ ಅವನನ್ನು ಬೇಟೆಯಾಡಿದರು. ಅಣ್ಣ ಟೈಬೀರಿಯಸ್ ಕ್ರಿ.ಪೂ. 133ರಲ್ಲಿಯೇ ಕೊಲೆಯಾಗಿದ್ದನು.

ಈ ಕಾನೂನಿನ ಹಿಂದಿನ ಭಾವನೆಯನ್ನು ತಿಳಿಯಲು ರೋಮನ್ ರಾಜಕಾರಣಿ, ವಾಗ್ಮಿ ಸಿಸೆರೊ ದಾಖಲಿಸಿರುವ ಒಂದು ಪ್ರಸಂಗವೇ ಸಾಕು. ಮಾಜಿ ಕಾನ್ಸಲ್ (ಒಂದು ವರ್ಷಕ್ಕೆ ಆರಿಸುತ್ತಿದ್ದ ಅತ್ಯುನ್ನತ ಅಧಿಕಾರಿ) ಪೀಸೊ ಈ ಕಾನೂನನ್ನು ಕಡುವಾಗಿ ವಿರೋಧಿಸಿದ್ದವನು. ಅದು ಜಾರಿಗೆ ಬಂದ ಮೇಲೆ ಅವನೇ ಧಾನ್ಯ ಪಡೆಯಲು ಜನರ ನಡುವೆ ಬಂದು ನಿಂತನು. ಗ್ರಾಕಸನು ಎಲ್ಲರ ಮುಂದೆ ಕಾರಣ ಕೇಳಿದಾಗ ಪೀಸೊ ಹೇಳಿದ್ದು ಇಷ್ಟು: ನನ್ನ ಸ್ವತ್ತನ್ನು ಒಬ್ಬೊಬ್ಬರಿಗೂ ಹಂಚುವುದು ನನಗೆ ಒಪ್ಪಿಗೆಯಿಲ್ಲ, ಆದರೆ ನೀನು ಹಂಚಲು ಹೊರಟರೆ ನನ್ನ ಪಾಲನ್ನು ನಾನೂ ಕೇಳುತ್ತೇನೆ. ಈ ಉತ್ತರದಲ್ಲಿ ಮುಖ್ಯವಾದ ಒಂದು ಸಂಗತಿ ಇದೆ. ಮಾಜಿ ಕಾನ್ಸಲನಂಥ ಶ್ರೀಮಂತನೂ ಸಾಲಿನಲ್ಲಿ ನಿಲ್ಲಬಹುದಾಗಿತ್ತು, ಏಕೆಂದರೆ ಕಾನೂನು ಬಡತನವನ್ನು ಕೇಳುತ್ತಿರಲಿಲ್ಲ, ನಾಗರಿಕತ್ವವನ್ನು ಮಾತ್ರ ಕೇಳುತ್ತಿತ್ತು. ರೋಮ್ ಗೆದ್ದ ನಾಡುಗಳಿಂದ ಬರುವ ಆದಾಯದಲ್ಲಿ ರೋಮನ್ ಪ್ರಜೆಗೆ ಪಾಲಿದೆ ಎಂಬುದೇ ಅದರ ತಳಹದಿ. ಹಾಗಾಗಿ ಇದನ್ನು ದಾನ ಎಂದು ಕರೆಯುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಮುಂದಿನ ಅರವತ್ತೈದು ವರ್ಷಗಳಲ್ಲಿ ಇದು ರಾಜಕೀಯದ ಹಗ್ಗಜಗ್ಗಾಟವಾಯಿತು. ಸರ್ವಾಧಿಕಾರಿ ಸುಲ್ಲಾ ಇದನ್ನು ರದ್ದುಗೊಳಿಸಿದನು, ಕ್ರಿ.ಪೂ. 73ರ ಕಾನೂನು ತಿಂಗಳಿಗೆ ಐದು ಮೋಡಿಯಸ್‌ನಂತೆ ಮತ್ತೆ ಆರಂಭಿಸಿತು; ಸೆನೆಟ್ಟಿನ ಕಟ್ಟಾ ಸಂಪ್ರದಾಯವಾದಿ ಕೇಟೊ ಕೂಡ ದಂಗೆಯ ಭಯದಿಂದ ಕ್ರಿ.ಪೂ. 62ರಲ್ಲಿ ಅದನ್ನು ವಿಸ್ತರಿಸಿದನು. ಬೆಲೆಯನ್ನು ಪೂರ್ತಿ ತೆಗೆದುಹಾಕಿ ಧಾನ್ಯವನ್ನು ಪುಕ್ಕಟೆ ಮಾಡಿದವನು ಕ್ರಿ.ಪೂ. 58ರಲ್ಲಿ ಟ್ರಿಬ್ಯೂನ್ ಆಗಿದ್ದ ಕ್ಲೋಡಿಯಸ್. ಇದರಿಂದ ಬೊಕ್ಕಸದ ಆದಾಯದ ಸುಮಾರು ಐದನೇ ಒಂದು ಭಾಗ ಹೋಯಿತೆಂದು ಸಿಸೆರೊ ಆಪಾದಿಸಿದನು. ಸಿಸೆರೊನನ್ನು ದೇಶಭ್ರಷ್ಟನನ್ನಾಗಿ ಮಾಡಿದವನು ಇದೇ ಕ್ಲೋಡಿಯಸ್ ಆದ್ದರಿಂದ ಆ ಲೆಕ್ಕವನ್ನು ಎಚ್ಚರಿಕೆಯಿಂದ ಓದಬೇಕು.

ಪುಕ್ಕಟೆ ಆದೊಡನೆ ಪಟ್ಟಿ ಉಬ್ಬಿತು. ಜೂಲಿಯಸ್ ಸೀಸರ್ ಕ್ರಿ.ಪೂ. 46ರಲ್ಲಿ ಬೀದಿಬೀದಿಯ ಗಣತಿ ಮಾಡಿಸಿ, ಬಾಡಿಗೆ ಕಟ್ಟಡಗಳ ಮಾಲೀಕರಿಂದಲೇ ವಾಸಿಗಳ ವಿವರ ಪಡೆದು, 3,20,000 ಹೆಸರುಗಳಿದ್ದ ಪಟ್ಟಿಯನ್ನು 1,50,000ಕ್ಕೆ ಇಳಿಸಿದನು. ಸತ್ತವರ ಜಾಗಕ್ಕೆ ಪ್ರತಿವರ್ಷ ಚೀಟಿ ಎತ್ತಿ ಹೊಸಬರನ್ನು ಸೇರಿಸುವ ನಿಯಮವನ್ನೂ ಮಾಡಿದನು. ಪುಕ್ಕಟೆ ಎಂದರೆ ಲೆಕ್ಕವಿಲ್ಲದೆ ಸುರಿದದ್ದು ಎಂದು ಭಾವಿಸುವವರು ಈ ಗಣತಿಯನ್ನು ನೆನಪಿಡಬೇಕು. ಮೊದಲ ಚಕ್ರವರ್ತಿ ಅಗಸ್ಟಸನ ಕಾಲದಲ್ಲಿ, ಕ್ರಿ.ಪೂ. 2ರ ಹೊತ್ತಿಗೆ, ಪಡೆಯುವವರ ಸಂಖ್ಯೆ ಎರಡು ಲಕ್ಷಕ್ಕಿಂತ ಸ್ವಲ್ಪ ಹೆಚ್ಚಿತ್ತು. ನಗರದ ಜನಸಂಖ್ಯೆ ಸುಮಾರು ಹತ್ತು ಲಕ್ಷವೆಂದು ಬಹುತೇಕ ಇತಿಹಾಸಕಾರರ ಅಂದಾಜು.

ಶಾಸನಪ್ರಿಯೆ — ಉತ್ತರ

ಕಲ್ಲಚ್ಚು ಅವರು ಕಾನೂನಿನ ಕಥೆಯನ್ನು ಹೇಳಿದ್ದಾರೆ. ಆ ಗೋದಿ ಮನೆಗೆ ಬಂದ ಮೇಲಿನ ಕಥೆಯನ್ನು ನಾನು ಸೇರಿಸುತ್ತೇನೆ, ಏಕೆಂದರೆ "ಸೋಮಾರಿಗಳಾದರೇ" ಎಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ಐದು ಮೋಡಿಯಸ್ ಎಂದರೆ ತಿಂಗಳಿಗೆ ಸುಮಾರು 33 ಕಿಲೋ ಗೋದಿ. ಹಿರಿಯ ಕೇಟೊ (ಮೇಲೆ ಹೇಳಿದ ಕೇಟೊನ ಮುತ್ತಜ್ಜ) ತನ್ನ ಜಮೀನಿನಲ್ಲಿ ದುಡಿಯುವ ಗುಲಾಮರಿಗೆ ಚಳಿಗಾಲದಲ್ಲಿ ನಾಲ್ಕು, ಬೇಸಿಗೆಯಲ್ಲಿ ನಾಲ್ಕೂವರೆ ಮೋಡಿಯಸ್ ಕೊಡಬೇಕೆಂದು ಬರೆದಿದ್ದಾನೆ. ಅಂದರೆ ನಾಗರಿಕನಿಗೆ ಸಿಗುತ್ತಿದ್ದದ್ದು ದುಡಿಯುವ ಒಬ್ಬ ಆಳಿನ ಹೊಟ್ಟೆಗೆ ಸಾಕಾಗಿ ಅಲ್ಪ ಉಳಿಯುವಷ್ಟು. ಪಟ್ಟಿಯಲ್ಲಿ ಗಂಡಸಿನ ಹೆಸರು ಮಾತ್ರ ಇರುತ್ತಿತ್ತು. ಹೆಂಡತಿಗೆ ಇಲ್ಲ, ಹೆಣ್ಣುಮಕ್ಕಳಿಗೆ ಇಲ್ಲ, ಪರನಾಡಿನಿಂದ ಬಂದು ನೆಲೆಸಿದವರಿಗೆ ಇಲ್ಲ. ಗಂಡ, ಹೆಂಡತಿ, ಎರಡು ಮಕ್ಕಳಿರುವ ಮನೆಗೆ ಆ ಗೋದಿ ತಿಂಗಳ ಅರ್ಧಕ್ಕೂ ಸ್ವಲ್ಪ ಮುಂದೆ ಬರುತ್ತಿತ್ತು ಅಷ್ಟೇ. ಎಣ್ಣೆ, ಕಾಳು, ತರಕಾರಿ, ದ್ರಾಕ್ಷಾರಸ, ಸೌದೆ, ಬಟ್ಟೆ, ಎಲ್ಲಕ್ಕಿಂತ ಮಿಗಿಲಾಗಿ ಮನೆ ಬಾಡಿಗೆ, ಇವೆಲ್ಲಕ್ಕೂ ದುಡ್ಡು ಬೇಕಾಗಿತ್ತು. ರೋಮಿನ ಬಾಡಿಗೆ ದುಬಾರಿ ಎಂಬ ದೂರು ಅಂದಿನ ಬರವಣಿಗೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಕೈಗೆ ಸಿಗುತ್ತಿದ್ದದ್ದು ರೊಟ್ಟಿಯಲ್ಲ, ಕಾಳು. ಬಡವರು ವಾಸಿಸುತ್ತಿದ್ದ ಇನ್ಸುಲಾ ಎಂಬ ಬಹುಮಹಡಿ ಕಟ್ಟಡಗಳ ಮೇಲಂತಸ್ತಿನ ಕೋಣೆಗಳಲ್ಲಿ ಅಡುಗೆಮನೆ ಇರುತ್ತಿರಲಿಲ್ಲ. ಬೆಂಕಿಯ ಅಪಾಯ ಯಾವಾಗಲೂ ಇತ್ತು. ಅಂಥ ಕಟ್ಟಡಗಳ ಎತ್ತರ 70 ರೋಮನ್ ಅಡಿ ಮೀರಬಾರದೆಂದು ಅಗಸ್ಟಸನು, 60 ಅಡಿ ಮೀರಬಾರದೆಂದು ನಂತರದ ಚಕ್ರವರ್ತಿ ಟ್ರಾಜನನು ಮಿತಿ ಹಾಕಬೇಕಾಯಿತೆಂದರೆ ಜನ ಎಷ್ಟು ಇಕ್ಕಟ್ಟಿನಲ್ಲಿ ಬದುಕುತ್ತಿದ್ದರೆಂದು ಊಹಿಸಬಹುದು. ಒಲೆಯ ಮೇಲೆ ಗಂಜಿ ಕಾಯಿಸಿಕೊಳ್ಳಲು ಅನುಕೂಲವಿದ್ದವರು ಹಾಗೆ ಮಾಡುತ್ತಿದ್ದರು. ಉಳಿದವರಿಗೆ, ಬೀಸಿ, ನಾದಿ, ಸುಟ್ಟುಕೊಡುವ ರೊಟ್ಟಿಯಂಗಡಿಯೇ ಗತಿ. ಅದಕ್ಕೆ ಕೂಲಿ ತೆರಬೇಕಾಗಿತ್ತು. ಆ ಅಂಗಡಿಗಳ ಕೆಲಸ ಹೇಗಿತ್ತೆಂಬುದನ್ನು ರೋಮಿನ ಪೋರ್ಟಾ ಮಜ್ಜೋರೆ ಬಳಿ ಇಂದಿಗೂ ನಿಂತಿರುವ ಯೂರಿಸಾಕಿಸ್ ಎಂಬ ರೊಟ್ಟಿಗಾರನ ಸಮಾಧಿಯ ಮೇಲಿನ ಉಬ್ಬುಶಿಲ್ಪಗಳಲ್ಲಿ ನೋಡಬಹುದು: ಕತ್ತೆಗಳು ಬೀಸುವ ಕಲ್ಲನ್ನು ಸುತ್ತುತ್ತವೆ, ಆಳುಗಳು ಹಿಟ್ಟು ಜರಡಿ ಹಿಡಿಯುತ್ತಾರೆ, ಉಂಡೆ ಕಟ್ಟುತ್ತಾರೆ, ಒಲೆಗೆ ಒಡ್ಡುತ್ತಾರೆ, ಕೊನೆಯಲ್ಲಿ ತಕ್ಕಡಿಯಲ್ಲಿ ರೊಟ್ಟಿಯ ತೂಕವಾಗುತ್ತದೆ. ರೊಟ್ಟಿಗಾರರು ಸರ್ಕಾರಕ್ಕೆ ಎಷ್ಟು ಬೇಕಾಗಿದ್ದರೆಂದರೆ, ನಗರದಲ್ಲಿ ದಿನಕ್ಕೆ ನೂರು ಮೋಡಿಯಸ್‌ಗಿಂತ ಕಡಿಮೆಯಿಲ್ಲದಂತೆ ಮೂರು ವರ್ಷ ಬೀಸಿದ, ಲ್ಯಾಟಿನ್ ಹಕ್ಕುಳ್ಳ (ಅಂದರೆ ಅರೆ ನಾಗರಿಕತ್ವವಷ್ಟೇ ಇದ್ದ) ರೊಟ್ಟಿಗಾರನಿಗೆ ಪೂರ್ಣ ನಾಗರಿಕತ್ವ ಕೊಡುವುದಾಗಿ ಟ್ರಾಜನನು ವಿಧಿಸಿದನು.

ಇನ್ನು ದುಡಿಮೆಯ ಮಾತು. ನನಗೆ ಎಲ್ಲಕ್ಕಿಂತ ಬಲವಾದ ಸಾಕ್ಷ್ಯವೆನಿಸುವುದು ಅಗಸ್ಟಸನು ಕೈಬಿಟ್ಟ ಒಂದು ಯೋಜನೆ. ಧಾನ್ಯ ತರಲೆಂದು ಜನ ಪ್ರತಿ ತಿಂಗಳೂ ಕೆಲಸ ಬಿಟ್ಟು ಬರಬೇಕಾಗುತ್ತದೆಂದು ಅವನು ವರ್ಷಕ್ಕೆ ಮೂರೇ ಸಲ, ನಾಲ್ಕು ನಾಲ್ಕು ತಿಂಗಳ ಪಾಲನ್ನು ಒಟ್ಟಿಗೆ ಕೊಡಲು ಚೀಟಿ ಹಂಚಲು ಹೊರಟನು. ಜನರು ತಿಂಗಳ ಪದ್ಧತಿಯೇ ಇರಲೆಂದು ಬೇಡಿಕೊಂಡದ್ದರಿಂದ ಹಿಂದಿನಂತೆಯೇ ಮುಂದುವರಿಸಿದನು. ದುಡಿಯದೆ ಕುಳಿತವರ ಕೆಲಸ ಕೆಡುವುದೆಂದು ಯಾವ ಚಕ್ರವರ್ತಿಯೂ ಚಿಂತಿಸುವುದಿಲ್ಲ. ಒಂದೇ ಕೋಣೆಯಲ್ಲಿ ವಾಸಿಸುವವನು ನೂರ ಮೂವತ್ತು ಕಿಲೋ ಗೋದಿಯನ್ನು ಇಲಿ, ಹುಳು, ತೇವ, ಕಳ್ಳರಿಂದ ನಾಲ್ಕು ತಿಂಗಳು ಕಾಪಾಡುವುದು ಹೇಗೆ ಎಂಬುದನ್ನೂ ಯೋಚಿಸಿದರೆ ಜನರ ಬೇಡಿಕೆ ಅರ್ಥವಾಗುತ್ತದೆ. ಮುಂದೆ ವೆಸ್ಪೇಸಿಯನ್ ಚಕ್ರವರ್ತಿಯ ಬಳಿ ಒಬ್ಬ ಯಂತ್ರಜ್ಞ ಬಂದು ಭಾರಿ ಕಂಬಗಳನ್ನು ಕಡಿಮೆ ಖರ್ಚಿನಲ್ಲಿ ಸಾಗಿಸುವ ಉಪಾಯ ಹೇಳಿದಾಗ, ಅವನಿಗೆ ಬಹುಮಾನ ಕೊಟ್ಟರೂ ಉಪಾಯವನ್ನು ಬಳಸಲು ಒಪ್ಪದೆ, ಬಡಜನರ ಹೊಟ್ಟೆ ತುಂಬಿಸಲು ತನಗೆ ಅವಕಾಶವಿರಲಿ ಎಂದನಂತೆ. ಕೂಲಿಯೇ ನಗರದ ಜೀವನಾಧಾರವೆಂದು ಅರಮನೆಗೂ ಗೊತ್ತಿತ್ತು.

ಈ ಪಾಲನ್ನು ಪಡೆಯುವುದು ನಾಚಿಕೆಯ ಸಂಗತಿಯಾಗಿರಲಿಲ್ಲ ಎಂಬುದಕ್ಕೆ ಸಮಾಧಿಗಲ್ಲುಗಳೇ ಸಾಕ್ಷಿ. ಚಕ್ರಾಧಿಪತ್ಯದ ಕಾಲದಲ್ಲಿ ವಿತರಣೆಯು ಮಿನೂಸಿಯಾ ಎಂಬ ಕಂಬಸಾಲಿನ ಆವರಣದಲ್ಲಿ ನಡೆಯುತ್ತಿತ್ತು. ಯಾರು ತಿಂಗಳ ಯಾವ ದಿನ, ಯಾವ ಸಂಖ್ಯೆಯ ಬಾಗಿಲಿನಲ್ಲಿ ಪಡೆಯಬೇಕೆಂಬುದು ಮೊದಲೇ ನಿಗದಿಯಾಗಿರುತ್ತಿತ್ತು. ಸತ್ತವನು ಇಂಥ ದಿನ, ಇಂಥ ಬಾಗಿಲಿನಲ್ಲಿ ಧಾನ್ಯ ಪಡೆಯುತ್ತಿದ್ದನು ಎಂದು ಮನೆಯವರು ಕಲ್ಲಿನ ಮೇಲೆ ಕೆತ್ತಿಸಿದ ಉದಾಹರಣೆಗಳಿವೆ. ಭಿಕ್ಷೆ ಬೇಡಿದ್ದನ್ನು ಯಾರೂ ಸಮಾಧಿಯ ಮೇಲೆ ಕೆತ್ತಿಸುವುದಿಲ್ಲ. ಗುಲಾಮಗಿರಿಯಿಂದ ಬಿಡುಗಡೆ ಹೊಂದಿ ನಾಗರಿಕನಾದವನಿಗೆ ಆ ಪಟ್ಟಿಯಲ್ಲಿ ಹೆಸರಿರುವುದು ತಾನೂ ರೋಮಿನವನು ಎಂಬುದರ ಸಾರ್ವಜನಿಕ ಪ್ರಮಾಣವಾಗಿತ್ತು.

ಮುಂಗಾರು — ಉತ್ತರ

ಇಬ್ಬರ ಬರಹವನ್ನೂ ಗೌರವದಿಂದ ಓದಿದೆ. ಹಕ್ಕು, ಪಾಲು ಎಂಬ ಮಾತುಗಳು ರೋಮ್ ನಗರದೊಳಗೆ ನಿಂತು ನೋಡಿದಾಗ ಸರಿ. ಆದರೆ ಓದುಗರು ಮೂಲದಲ್ಲಿ ಕೇಳಿದ ಒಂದು ಪ್ರಶ್ನೆಗೆ, ಅಂದರೆ ಖರ್ಚನ್ನು ಹೊತ್ತವರು ಯಾರು ಎಂಬುದಕ್ಕೆ, ಉತ್ತರ ಇನ್ನೂ ಬಂದಿಲ್ಲ. ಆ ಉತ್ತರ ಅಷ್ಟು ಹಿತವಾಗಿಲ್ಲ.

ಸಿಸಿಲಿಯ ರೈತನು ಬೆಳೆದ ಗೋದಿಯ ಹತ್ತನೇ ಒಂದು ಭಾಗವನ್ನು ತೆರಿಗೆಯಾಗಿ ಅಳೆದುಕೊಡಬೇಕಾಗಿತ್ತು. ಅದರ ಮೇಲೆ ಅಧಿಕಾರಿಗಳು ಸುಲಿದದ್ದು ಬೇರೆ, ಕ್ರಿ.ಪೂ. 73ರಿಂದ 71ರವರೆಗೆ ಅಲ್ಲಿ ರಾಜ್ಯಪಾಲನಾಗಿದ್ದ ವೆರ್ರೆಸ್ ಮಾಡಿದ ಲೂಟಿಯಿಂದ ರೈತರು ಹೊಲ ಬಿಟ್ಟು ಓಡಿದರೆಂದು ಕ್ರಿ.ಪೂ. 70ರ ಮೊಕದ್ದಮೆಯಲ್ಲಿ ಸಿಸೆರೊನೇ ವಾದಿಸಿದನು. ಕ್ರಿ.ಪೂ. 30ರಲ್ಲಿ ಈಜಿಪ್ಟ್ ರೋಮಿನ ವಶವಾದ ಮೇಲೆ ನೈಲ್ ತೀರದ ರೈತರ ಸರದಿ ಬಂತು. ಅವರು ಧಾನ್ಯದ ಕಂದಾಯವನ್ನು ಹಳ್ಳಿಯ ಕಣದಲ್ಲಿ ಅಳೆದುಕೊಟ್ಟು, ಕತ್ತೆಗಳ ಮೇಲೆ ಹೇರಿಸಿ, ನದಿಯ ದೋಣಿಗೆ ತಲುಪಿಸಬೇಕಾಗಿತ್ತು. ಅದರ ರಸೀದಿಗಳು ಪಪೈರಸ್ ಹಾಳೆಗಳ ಮೇಲೂ ಮಡಕೆಯ ಚೂರುಗಳ ಮೇಲೂ ಇಂದಿಗೂ ಉಳಿದಿವೆ. ದಾರಿಯಲ್ಲಿ ಮಣ್ಣು ಬೆರೆಸದಂತೆ ಮಾದರಿ ಧಾನ್ಯಕ್ಕೆ ಮುದ್ರೆಯೊತ್ತಿ ಸರಕಿನ ಜೊತೆಯಲ್ಲೇ ಕಳಿಸುತ್ತಿದ್ದರು. ಇತಿಹಾಸಕಾರ ಜೋಸೆಫಸ್ ಹೇಳುವಂತೆ ಮೊದಲ ಶತಮಾನದಲ್ಲಿ ರೋಮಿಗೆ ವರ್ಷದ ನಾಲ್ಕು ತಿಂಗಳ ಅನ್ನ ಈಜಿಪ್ಟಿನಿಂದಲೂ ಎಂಟು ತಿಂಗಳದು ಉತ್ತರ ಆಫ್ರಿಕಾದಿಂದಲೂ ಬರುತ್ತಿತ್ತು. ಬೆಳೆದವರಲ್ಲಿ ಯಾರಿಗೂ ಮಿನೂಸಿಯಾದ ಬಾಗಿಲು ತೆರೆದಿರಲಿಲ್ಲ.

ಸಾಗಣೆಯ ಶ್ರಮವೂ ಅಗಾಧ. ಅಲೆಕ್ಸಾಂಡ್ರಿಯಾದಿಂದ ಹೊರಟ ಹಡಗು ಎದುರುಗಾಳಿಯಲ್ಲಿ ಇಟಲಿ ತಲುಪಲು ಒಂದು ತಿಂಗಳಿಂದ ಎರಡು ತಿಂಗಳು ಬೇಕಾಗುತ್ತಿತ್ತು. ನವೆಂಬರಿನಿಂದ ಮಾರ್ಚ್‌ವರೆಗೆ ಸಮುದ್ರಯಾನ ನಿಂತೇಹೋಗುತ್ತಿತ್ತು. ಸಂತ ಪೌಲನು ಕೈದಿಯಾಗಿ ರೋಮಿಗೆ ಹೋಗುವಾಗ ಏರಿದ ಹಡಗು ಇಂಥದ್ದೇ. 276 ಜನರಿದ್ದ ಆ ಹಡಗು ಬಿರುಗಾಳಿಗೆ ಸಿಕ್ಕಿ ಮಾಲ್ಟಾದಲ್ಲಿ ಒಡೆಯಿತು, ಅದಕ್ಕೆ ಮೊದಲು ಗೋದಿಯನ್ನು ಸಮುದ್ರಕ್ಕೆ ಸುರಿಯಬೇಕಾಯಿತು. ಸುರಕ್ಷಿತವಾಗಿ ಬಂದ ಸರಕನ್ನು ಆಸ್ಟಿಯಾ ಮತ್ತು ಪೋರ್ಟಸ್ ಬಂದರುಗಳಲ್ಲಿ ಹಮಾಲರು ಮೂಟೆ ಹೊತ್ತು ಇಳಿಸಿ, ಅಳತೆಗಾರರು ಅಳೆದು, ಟೈಬರ್ ನದಿಯ ಸಣ್ಣ ದೋಣಿಗಳಿಗೆ ತುಂಬಿ, ದಡದಿಂದ ಹಗ್ಗ ಕಟ್ಟಿ ಎಳೆದು ನಗರಕ್ಕೆ ತರುತ್ತಿದ್ದರು. ಆಸ್ಟಿಯಾದ ಅಳತೆಗಾರರ ಸಂಘದ ಕಟ್ಟಡದ ನೆಲದಲ್ಲಿ ಆ ಅಳತೆಯ ದೃಶ್ಯ ಕಪ್ಪುಬಿಳುಪಿನ ಕಲ್ಲುಗಳ ಚಿತ್ರವಾಗಿ ಉಳಿದಿದೆ.

ಇಷ್ಟೊಂದು ಕೊಂಡಿಗಳ ಪೈಕಿ ಒಂದು ತಪ್ಪಿದರೂ ನಗರ ಉರಿಯುತ್ತಿತ್ತು. ಅಂತರ್ಯುದ್ಧದ ಕಾಲದಲ್ಲಿ ಎದುರಾಳಿ ನೌಕಾಪಡೆಯ ನಾಯಕ ಸೆಕ್ಸ್ಟಸ್ ಪಾಂಪೆ ಸಿಸಿಲಿಯಿಂದ ಸಮುದ್ರಮಾರ್ಗವನ್ನು ತಡೆದಾಗ ಹಸಿದ ಜನ ಮುಂದೆ ಅಗಸ್ಟಸ್ ಎನಿಸಿಕೊಂಡ ಆಕ್ಟೇವಿಯನ್ನನ ಮೇಲೆಯೇ ಕಲ್ಲು ತೂರಿದರು. ಕ್ರಿ.ಶ. 51ರಲ್ಲಿ ಕಣಜದಲ್ಲಿ ಹದಿನೈದು ದಿನಗಳ ಧಾನ್ಯ ಮಾತ್ರ ಉಳಿದಿದ್ದಾಗ ಕ್ಲಾಡಿಯಸ್ ಚಕ್ರವರ್ತಿಯನ್ನು ನಗರದ ಮುಖ್ಯ ಚೌಕವಾದ ಫೋರಂನಲ್ಲಿ ಮುತ್ತಿ ರೊಟ್ಟಿಯ ಚೂರುಗಳಿಂದ ಹೊಡೆದರು. ಅವನು ಹಿಂಬಾಗಿಲಿನಿಂದ ಅರಮನೆ ಸೇರಿಕೊಂಡನು. ಚಳಿಗಾಲದಲ್ಲಿಯೂ ಧಾನ್ಯ ತರುವ ವರ್ತಕರಿಗೆ ಬಿರುಗಾಳಿಯ ನಷ್ಟವನ್ನು ತಾನೇ ತುಂಬಿಕೊಡುವುದಾಗಿ ಅವನು ಮಾತು ಕೊಟ್ಟನು. ಆಸ್ಟಿಯಾದ ಬಳಿ ಅವನು ಕಟ್ಟಿಸುತ್ತಿದ್ದ ಹೊಸ ಬಂದರಿನ ಕೆಲಸ ಆ ಹೊತ್ತಿಗೆ ನಡೆದೇ ಇತ್ತು. ಜನರನ್ನು ಸುಮ್ಮನಿರಿಸಲು ಧಾನ್ಯ ಎಂಬ ಮಾತು ಇಲ್ಲಿ ತಲೆಕೆಳಗಾಗುತ್ತದೆ: ಜನರಿಗೆ ಹೆದರಿ ಚಕ್ರವರ್ತಿ ಬಂದರು ಕಟ್ಟಿಸಿದನು ಎನ್ನುವುದು ಹೆಚ್ಚು ಸರಿ. ಆದರೂ ನೈಲ್ ತೀರದ ರೈತನ ಪಾಲಿಗೆ ಇವೆರಡರಲ್ಲಿ ವ್ಯತ್ಯಾಸವೇನೂ ಇರಲಿಲ್ಲ.

ಓದುಗ, ಧಾರವಾಡ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಪುಕ್ಕಟೆ ಧಾನ್ಯದಿಂದ ಬೇಸಾಯ ಹಾಳಾಗುತ್ತಿದೆ ಎಂದು ಅಗಸ್ಟಸನೇ ಹೇಳಿದ್ದಾನೆಂದು ಓದಿದ್ದೇನೆ. ಹಾಗಿದ್ದಲ್ಲಿ ಸಾಮ್ರಾಜ್ಯದ ಅವನತಿಗೂ ಇದಕ್ಕೂ ಏನೂ ಸಂಬಂಧವಿಲ್ಲವೆನ್ನಬಹುದೇ?

ಕಲ್ಲಚ್ಚು

ಅಗಸ್ಟಸನು ಹಾಗೆ ಹೇಳಿದ್ದು ನಿಜ. ರೋಮನ್ ಲೇಖಕ ಸ್ವೆಟೋನಿಯಸ್ ಬರೆದ ಜೀವನಚರಿತ್ರೆಯಲ್ಲಿ ಅದು ದಾಖಲಾಗಿದೆ: ಧಾನ್ಯವನ್ನು ನೆಚ್ಚಿಕೊಂಡು ಜನ ಹೊಲಗಳ ಉಳುಮೆಯನ್ನು ಅಲಕ್ಷಿಸುತ್ತಿದ್ದಾರೆ, ಆದ್ದರಿಂದ ವಿತರಣೆಯನ್ನು ಶಾಶ್ವತವಾಗಿ ನಿಲ್ಲಿಸಬೇಕೆಂದು ಅವನು ಯೋಚಿಸಿದನು, ತಾನು ನಿಲ್ಲಿಸಿದರೂ ಜನಪ್ರಿಯತೆಯ ಆಸೆಯಿಂದ ಇನ್ನೊಬ್ಬನು ಮತ್ತೆ ತರುತ್ತಾನೆಂದು ಕೈಬಿಟ್ಟನು. ಆದರೆ ಇಟಲಿಯ ಸಣ್ಣ ರೈತರು ಹೊಲ ಕಳೆದುಕೊಂಡದ್ದು ಧಾನ್ಯದ ಕಾನೂನು ಬರುವುದಕ್ಕೆ ಮೊದಲೇ. ವರ್ಷಗಟ್ಟಲೆ ಪರನಾಡಿನ ಯುದ್ಧಗಳಲ್ಲಿ ಸೈನಿಕರಾಗಿದ್ದುದು, ಸಿರಿವಂತರು ಗುಲಾಮರಿಂದ ದೊಡ್ಡ ಜಮೀನುಗಳ ಉಳುಮೆ ಮಾಡಿಸಲು ತೊಡಗಿದ್ದು, ಇವು ಆ ಕಾಲದವರೇ ಕೊಟ್ಟಿರುವ ಕಾರಣಗಳು. ಟೈಬೀರಿಯಸ್ ಗ್ರಾಕಸನು ಕ್ರಿ.ಪೂ. 133ರಲ್ಲಿ ಭೂಮಿ ಹಂಚಲು ಹೊರಟಿದ್ದು ಅದಕ್ಕಾಗಿಯೇ. ಹೊಲ ಹೋಗಿ ನಗರಕ್ಕೆ ಬಂದವರ ಮಕ್ಕಳಿಗೆ ಗಾಯಸನ ಗೋದಿ ಸಿಕ್ಕಿತೇ ಹೊರತು, ಗೋದಿಗಾಗಿ ಅವರು ಹೊಲ ಬಿಟ್ಟವರಲ್ಲ.

ಜುವೆನಲನ ಮಾತನ್ನೂ ಪೂರ್ತಿಯಾಗಿ ಓದಬೇಕು. ಒಂದು ಕಾಲದಲ್ಲಿ ಸೇನಾಧಿಪತ್ಯವನ್ನೂ ಅಧಿಕಾರವನ್ನೂ ಕೊಡುತ್ತಿದ್ದ ಜನರು ಈಗ ಎರಡನ್ನೇ ಬಯಸುತ್ತಾರೆ ಎಂಬುದು ಅವನ ಅಳಲು. ಜನರು ಮತವನ್ನು ರೊಟ್ಟಿಗೆ ಮಾರಿಕೊಂಡರೆಂದು ಇದರಿಂದ ಹೇಳಲಾಗದು. ಕ್ರಿ.ಶ. 14ರಲ್ಲಿ ಟೈಬೀರಿಯಸ್ ಚಕ್ರವರ್ತಿ ಅಧಿಕಾರಿಗಳ ಚುನಾವಣೆಯನ್ನು ಜನಸಭೆಯಿಂದ ಸೆನೆಟ್ಟಿಗೆ ವರ್ಗಾಯಿಸಿದನು. ಅವರ ಕೈಯಿಂದ ಮತವನ್ನು ಕಿತ್ತುಕೊಂಡ ಮೇಲೆ ಉಳಿದದ್ದು ಧಾನ್ಯದ ಪಟ್ಟಿಯಲ್ಲಿನ ಹೆಸರು ಮತ್ತು ಆಟದ ಅಂಗಳದಲ್ಲಿ ಚಕ್ರವರ್ತಿಯ ಎದುರು ಕೂಗಿ ಹೇಳುವ ಅವಕಾಶ. ಅದನ್ನೂ ಬಿಡದೆ ಹಿಡಿದುಕೊಂಡದ್ದಕ್ಕೆ ಅವರನ್ನು ಹಳಿಯಲು ನನಗೆ ಮನಸ್ಸಾಗುವುದಿಲ್ಲ. ಮುಂಗಾರು ಅವರ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ; ಆ ಹಕ್ಕಿನ ಬೆಲೆಯನ್ನು ತೆತ್ತವರು ಬೇರೆಯವರು.

ಅವನತಿಯ ವಿಚಾರದಲ್ಲಿ ಕಾಲಾನುಕ್ರಮವೇ ಉತ್ತರ ಹೇಳುತ್ತದೆ. ವಿತರಣೆ ಆರಂಭವಾದ ಮೇಲೆ ಸಾಮ್ರಾಜ್ಯ ಎರಡು ಶತಮಾನಕ್ಕೂ ಮೀರಿ ಬೆಳೆಯುತ್ತಲೇ ಹೋಗಿ ಟ್ರಾಜನನ ಕಾಲದಲ್ಲಿ ತನ್ನ ಅತಿ ದೊಡ್ಡ ವಿಸ್ತಾರವನ್ನು ಮುಟ್ಟಿತು. ಮೂರನೇ ಶತಮಾನದಲ್ಲಿ ಸೆಪ್ಟಿಮಿಯಸ್ ಸೆವೆರಸನ ಏರ್ಪಾಡಿನಿಂದ ಎಣ್ಣೆಯೂ, 270ರ ದಶಕದಲ್ಲಿ ಆರೇಲಿಯನ್ನನಿಂದ ಕಾಳಿನ ಬದಲು ಸುಟ್ಟ ರೊಟ್ಟಿಯೂ ಹಂದಿಮಾಂಸವೂ ಸೇರಿದವು. ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ರಾಜಧಾನಿಯಾದಾಗ ಈಜಿಪ್ಟಿನ ಗೋದಿ ಅಲ್ಲಿಗೆ ತಿರುಗಿತು. 332ರಲ್ಲಿ ಅಲ್ಲಿಯೂ ದಿನಕ್ಕೆ 80,000 ರೊಟ್ಟಿಗಳ ವಿತರಣೆ ಆರಂಭವಾಯಿತು. ರೋಮ್ ಆಫ್ರಿಕಾ ಒಂದನ್ನೇ ನಂಬಬೇಕಾಯಿತು. 439ರ ಅಕ್ಟೋಬರಿನಲ್ಲಿ ವ್ಯಾಂಡಲರೆಂಬ ಜರ್ಮ್ಯಾನಿಕ್ ಬುಡಕಟ್ಟಿನ ರಾಜ ಗೈಸೆರಿಕ್ ಉತ್ತರ ಆಫ್ರಿಕಾದ ಕಾರ್ತೇಜ್ ನಗರವನ್ನು ಹಿಡಿದಾಗ ಆ ತೆರಿಗೆಯ ಧಾನ್ಯವೂ ರೋಮಿನ ಕೈತಪ್ಪಿತು, ಅದರ ಜೊತೆಯಲ್ಲಿಯೇ ಪಶ್ಚಿಮದ ಸೈನ್ಯಕ್ಕೆ ಸಂಬಳ ಕೊಡುತ್ತಿದ್ದ ಆದಾಯದ ದೊಡ್ಡ ಭಾಗವೂ ಹೋಯಿತು. ನಗರದ ಜನಸಂಖ್ಯೆ ಆ ಶತಮಾನದಲ್ಲಿ ವೇಗವಾಗಿ ಕರಗಿತು. ಕಾನ್‌ಸ್ಟಾಂಟಿನೋಪಲಿನಲ್ಲಿ ಪುಕ್ಕಟೆ ರೊಟ್ಟಿ ನಿಂತದ್ದು 618ರಲ್ಲಿ, ಪರ್ಷಿಯನ್ನರು ಈಜಿಪ್ಟಿಗೆ ನುಗ್ಗಿದಾಗ. ಎರಡು ನಗರಗಳಲ್ಲಿಯೂ ಧಾನ್ಯ ಬೆಳೆಯುವ ಪ್ರಾಂತ್ಯ ಮೊದಲು ಕೈಬಿಟ್ಟಿತು, ವಿತರಣೆ ನಂತರ ನಿಂತಿತು.